ಬೀಡಿಯ ಮಳೆಯೂ ನನ್ನ ಪಿಂಗೂ

ಸ್ಪೀಡ್ ಟೆಸ್ಟ್ ಮಾಡಿದರೆ 6 ಎಂಬಿಪಿಎಸ್ ತೋರಿಸುತ್ತೆ, ಆದರೆ ಮೀಟಿಂಗ್‌ನಲ್ಲಿ ನಮ್ಮ ಮಾತು ಮಾತ್ರ ತುಂಡು ತುಂಡು. ಹೀಗೆ ಆಗಿದೆಯಾ ನಿಮಗೆ? ಬಸ್ಸಿನಲ್ಲಿ ಎಷ್ಟು ಜನ ಹಿಡಿಸ್ತಾರೆ ಅನ್ನೋದು ಸ್ಪೀಡ್. ಆ ಬಸ್ಸು ಖಾನಾಪುರಕ್ಕೆ ಹೋಗಿ ಬರಲು ಎಷ್ಟು ಹೊತ್ತು ಬೇಕು ಅನ್ನೋದು ಲೇಟೆನ್ಸಿ. ಮಾತು ನಿಂತಿರೋದು ಎರಡನೆಯದರ ಮೇಲೆ.

2021ರ ಮಳೆಗಾಲದಲ್ಲಿ ಇದು ನನಗೆ ನೌಕರಿಯ ಪ್ರಶ್ನೆಯೇ ಆಗಿಬಿಟ್ಟಿತ್ತು. ಅವ್ವನ ಸೊಂಟದ ಆಪರೇಷನ್ ಆಗಿತ್ತು, ಎಬ್ಬಿಸಿ ನಡೆಸಲು ಒಬ್ಬರು ಬೇಕೇ ಬೇಕು. ವರ್ಕ್ ಫ್ರಂ ಹೋಮ್ ಇತ್ತಲ್ಲ, ನಾನೇ ಬೀಡಿಗೆ ಬಂದೆ. "ಕ್ಲೈಂಟ್ ಕಾಲ್ ಹೀಗೇ ಕಟ್ ಆಗ್ತಾ ಇದ್ರೆ ಬೆಂಗಳೂರಿಗೆ ವಾಪಸ್ ಬಂದ್ಬಿಡಿ" ಅಂತ ಮ್ಯಾನೇಜರ್ ಎರಡು ಸಲ ಹೇಳಿದ್ದರು. ನಮ್ಮ ಮನೆಯೊಳಗೆ ಮೊಬೈಲ್ ಸಿಗ್ನಲ್ ಒಂದು ಗೀಟು ಬಂದರೆ ಹೆಚ್ಚು. ಇದ್ದದ್ದು ಅಪ್ಪನ ಲ್ಯಾಂಡ್‌ಲೈನ್, ಅದೇ ತಾಮ್ರದ ತಂತಿಯ ಮೇಲೆ ಡಿಎಸ್‌ಎಲ್.

ಲ್ಯಾಪ್‌ಟಾಪ್ ಅನ್ನು ಕೇಬಲ್ ಹಾಕಿ ಮೋಡೆಮ್‌ಗೆ ಜೋಡಿಸಿ ಎರಡು ಪಿಂಗ್ ಹಚ್ಚಿದೆ. ಒಂದು ಮೋಡೆಮ್‌ಗೇ, 192.168.1.1ಕ್ಕೆ. ಇನ್ನೊಂದು ಹೊರಗೆ, 8.8.8.8ಕ್ಕೆ. ಮೊದಲನೆಯದು 1 ಮಿಲಿಸೆಕೆಂಡ್ ಬಿಟ್ಟು ಅಲುಗಲಿಲ್ಲ. ಎರಡನೆಯದು 45 ಇದ್ದದ್ದು ಒಮ್ಮೆಲೇ 900, 1200! ಅಂದರೆ ಲ್ಯಾಪ್‌ಟಾಪ್‌ನಿಂದ ಮೋಡೆಮ್‌ವರೆಗಿನ ವೈರಿನ ತಪ್ಪಲ್ಲ. ನಾಲ್ಕು ದಿನ ಜಿಗಿದ ಹೊತ್ತನ್ನೆಲ್ಲ ಅವ್ವನ ಹಾಲಿನ ಲೆಕ್ಕದ ವಹಿಯಲ್ಲಿ ಬರೆದಿಟ್ಟೆ.

ವಹಿ ನೋಡಿದರೆ ಎರಡು ಬೇರೆ ಬೇರೆ ರೋಗ. ದಿನಾ ರಾತ್ರಿ ಎಂಟರ ಸುಮಾರಿಗೆ ಬರುತ್ತಿದ್ದದ್ದು ತಮ್ಮನ ಫೋನಿನಿಂದ. ಅವನು ಹೊಲದಿಂದ ಬಂದು ವೈಫೈಗೆ ಸೇರಿದ ಕೂಡಲೇ ಫೋಟೊಗಳು ತಾವಾಗಿಯೇ ಅಪ್‌ಲೋಡ್ ಆಗೋಕೆ ಶುರು. ನಮ್ಮ ಲೈನಿನ ಅಪ್‌ಲೋಡ್ 512 ಕೆಬಿಪಿಎಸ್. 4 ಎಂಬಿಯ ಒಂದು ಫೋಟೊಗೇ ಒಂದು ನಿಮಿಷದ ಮೇಲೆ ಬೇಕು. ಅದರ ಹಿಂದೆ ನನ್ನ ಮಾತು ಮೋಡೆಮ್‌ನೊಳಗೆ ಸರದಿ ನಿಲ್ಲುತ್ತಿತ್ತು. ಬ್ಯಾಕಪ್ ಆಫ್ ಮಾಡಿಸಿದೆ, ಮುಗೀತು.

ಇನ್ನೊಂದು ಮಳೆಯ ರೋಗ. ಮೋಡೆಮ್ ಪುಟದಲ್ಲಿ ಎಸ್‌ಎನ್‌ಆರ್ ಮಾರ್ಜಿನ್ ಅಂತ ಒಂದು ಅಂಕಿ ಇರುತ್ತೆ, ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಅನ್ನೋದರ ಉಳಿತಾಯ ಅದು. 6 ಡೆಸಿಬಲ್‌ಗಿಂತ ಕೆಳಗಿಳಿದರೆ ಲೈನ್ ನಂಬೋ ಹಾಗಿಲ್ಲ. ಬಿಸಿಲಿದ್ದಾಗ ನಮ್ಮದು 12, ಜೋರು ಮಳೆಗೆ 4. ಪ್ಯಾಕೆಟ್‌ಗಳು ಕಳೆದುಹೋಗ್ತವೆ, ಲೈನ್ ಬಿದ್ದು ಮತ್ತೆ ಎದ್ದಾಗ ಇನ್ನೂ ಕಡಿಮೆ ವೇಗಕ್ಕೆ ಏಳುತ್ತೆ, ಆಗ ನನ್ನ ವಿಡಿಯೊ ಕಾಲೇ ಸರದಿಯನ್ನು ತುಂಬಿಬಿಡುತ್ತೆ.

ದೂರು ಕೊಟ್ಟರೆ ಆ ಕಡೆಯಿಂದ ಒಂದೇ ಮಾತು, "ಸ್ಪೀಡ್ ಸರಿ ಐತಲ್ರಿ." ಮೂರು ಸಲ ಟಿಕೆಟ್ ಕ್ಲೋಸ್ ಆಯ್ತು. ಮಿಲಿಸೆಕೆಂಡಿನ ಕಥೆ ಅವರಿಗೆ ಬೇಡ.

ದಾರಿ ತೋರಿಸಿದ್ದು ಅಪ್ಪ. "ತಮ್ಮಾ, ಫೋನ್‌ದಾಗ ಗರಗರ ಸಪ್ಪಳ ಬರಾಕತ್ತೈತಿ, ಕೇಳಿಲ್ಲಿ" ಅಂದರು. ರಿಸೀವರ್ ಎತ್ತಿ ಒಂದೇ ಒಂದು ನಂಬರ್ ಒತ್ತಿದರೆ ಡಯಲ್ ಟೋನ್ ನಿಲ್ಲುತ್ತೆ. ಆಮೇಲೆ ಲೈನ್ ನಿಶ್ಶಬ್ದವಾಗಿರಬೇಕು. ನಮ್ಮದರಲ್ಲಿ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ. ನೆಟ್ ಬಿಟ್ಟು "ಫೋನ್ ಗರಗರ ಅಂತೈತಿ" ಅಂತ ದೂರು ಬರೆಸಿದೆವು. ಮರುದಿನವೇ ಲೈನ್‌ಮನ್ ಬಂದರು!

ಕಂಬದ ಮೇಲಿನ ಡಬ್ಬಿ ತೆಗೆದು ತೋರಿಸಿದರು. ಜಾಯಿಂಟ್ ಹಸಿರುಗಟ್ಟಿತ್ತು. "ನೀರು ಹೊಕ್ಕೈತ್ರಿ ಸರ, ಮಾತು ಹೆಂಗೋ ಹೋಗ್ತೈತಿ, ನೆಟ್ ತಡ್ಕೊಳ್ಳಂಗಿಲ್ಲ." ನಿಜವೇ. ಮಾತಿಗೆ 4 ಕಿಲೋಹರ್ಟ್ಸ್‌ವರೆಗೆ ಸಾಕು, ಡಿಎಸ್‌ಎಲ್ ಅದರ ಮೇಲಿನ ದೊಡ್ಡ ಪಟ್ಟಿಯನ್ನೇ ಬಳಸುತ್ತೆ. ಕೆಟ್ಟ ಜಾಯಿಂಟು ಮೊದಲು ಕೊಲ್ಲೋದು ಅದನ್ನೇ. ತುದಿ ಕತ್ತರಿಸಿ ಹೊಸದಾಗಿ ಜೋಡಿಸಿ ಡಬ್ಬಿ ಮುಚ್ಚಿದರು. ಅಪ್ಪ ಚಹಾ ಕುಡಿಸದೆ ಬಿಡಲಿಲ್ಲ.

ಆ ರಾತ್ರಿ ಜಡಿಮಳೆಯಲ್ಲೂ ಮಾರ್ಜಿನ್ 11, ಪಿಂಗ್ 45. ಮ್ಯಾನೇಜರ್ ಮತ್ತೆ ಬೆಂಗಳೂರಿನ ಮಾತೆತ್ತಲಿಲ್ಲ. ಆಗಸ್ಟ್‌ನಲ್ಲಿ ಒಮ್ಮೆ ಮತ್ತೆ 5ಕ್ಕೆ ಇಳೀತು. ಈ ಸಲ ನಾನು ಮೋಡೆಮ್ ಪುಟ ತೆಗೆಯೋದರೊಳಗೆ ಅಪ್ಪ ರಿಸೀವರ್ ಕಿವಿಗೆ ಹಿಡಿದು ಲೈನ್‌ಮನ್ ನಂಬರ್ ಹುಡುಕುತ್ತಿದ್ದರು.