ಪಟ್ನಿ ಗುಡ್ಡದ ಕೆಸರು

ಥಾಮಸ್ ವುಲ್ಸಿ ಅಂದರೆ ನನಗೆ ಮೊದಲು ನೆನಪಾಗೋನು ಪ್ಯಾಚ್, ಅವನ ಮನೆಯ ವಿದೂಷಕ. ಈ ಕಥೆ ಓದಿ ಬಹಳ ಕಾಲವಾಯಿತು. ಎಷ್ಟೋ ಹೆಸರು ಮಸುಕಾಗಿವೆ. ಪಟ್ನಿ ಗುಡ್ಡದ ಆ ಕೆಸರು ಮಾತ್ರ ಮರೆತಿಲ್ಲ.

ವುಲ್ಸಿ ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ಕಟುಕರ ಮನೆ ಹುಡುಗ. ಓದಿ, ಪಾದ್ರಿಯಾಗಿ, ಕಾರ್ಡಿನಲ್ ಪಟ್ಟಕ್ಕೇರಿ, ಎಂಟನೇ ಹೆನ್ರಿಯ ಚಾನ್ಸಲರ್ ಆದವನು. ಹದಿನಾಲ್ಕು ವರ್ಷ ರಾಜ್ಯದಲ್ಲಿ ಅವನ ಮಾತೇ ನಡೆಯಿತು. ಹ್ಯಾಂಪ್ಟನ್ ಕೋರ್ಟ್ ಅರಮನೆ ಕಟ್ಟಿಸಿದವನೂ ಅವನೇ. ಜನರ ನಡುವೆ ಹೋಗುವಾಗ ಕೈಯಲ್ಲೊಂದು ಕಿತ್ತಳೆ ಇರುತ್ತಿತ್ತಂತೆ. ಒಳಗಿನ ತೊಳೆ ತೆಗೆದು, ವಿನಿಗರ್‌ನಲ್ಲಿ ಅದ್ದಿದ ಸ್ಪಂಜು ತುಂಬಿದ್ದು. ಕೆಟ್ಟ ಗಾಳಿ ತಾಗಬಾರದು ಅಂತ ಮೂಗಿಗೆ ಹಿಡಿಯೋನು. ಇದನ್ನೆಲ್ಲ ಬರೆದಿಟ್ಟವನು ಅವನ ಊಳಿಗದ ಜಾರ್ಜ್ ಕ್ಯಾವೆಂಡಿಶ್. ಹತ್ತಿರವಿದ್ದವನ ಕಣ್ಣಿಗೆ ಮಾತ್ರ ಬೀಳುವಂಥ ಸಂಗತಿಗಳು ಇವು.

ಅರಸನಿಗೆ ರಾಣಿ ಕ್ಯಾಥರೀನಳನ್ನು ಬಿಟ್ಟು ಆನ್ ಬೊಲಿನ್‌ಳನ್ನು ಮದುವೆಯಾಗಬೇಕಿತ್ತು. ಪೋಪ್‌ನಿಂದ ಒಪ್ಪಿಗೆ ತರುವುದು ವುಲ್ಸಿಯ ಕೈಲಾಗಲಿಲ್ಲ. 1529ರಲ್ಲಿ ಅಧಿಕಾರ ಹೋಯಿತು, ಮನೆ ಹೋಯಿತು. ಅವನು ದೋಣಿ ಹತ್ತುವಾಗ, ಸೆರೆಮನೆಗೇ ಹೋಗುತ್ತಾನೆ ಅಂತ ನೋಡಲು ಥೇಮ್ಸ್ ನದಿ ತುಂಬ ಜನ ದೋಣಿ ಕಟ್ಟಿಕೊಂಡು ಬಂದಿದ್ದರು. ದೋಣಿ ಪಟ್ನಿ ಕಡೆ ತಿರುಗಿತು.

ಅಲ್ಲಿಳಿದು ಹೇಸರಗತ್ತೆಯ ಮೇಲೆ ಗುಡ್ಡ ಹತ್ತುತ್ತಿದ್ದಾಗ ಅರಸನ ಕಡೆಯ ಹೆನ್ರಿ ನಾರಿಸ್ ಕುದುರೆ ಓಡಿಸಿಕೊಂಡು ಬಂದ. ಧೈರ್ಯವಾಗಿರು ಅಂತ ಅರಸ ಹೇಳಿಕಳಿಸಿದ್ದ, ಜೊತೆಗೆ ತನ್ನ ಉಂಗುರವನ್ನೂ. ಮುದುಕ ಅಲ್ಲೇ ಕೆಳಗಿಳಿದು ಕೆಸರಿನಲ್ಲೇ ಮಂಡಿಯೂರಿದ. ಟೊಪ್ಪಿಯ ದಾರದ ಗಂಟು ಬಿಚ್ಚಲು ಬರಲಿಲ್ಲ. ಕಿತ್ತೆಳೆದು ಬರಿದಲೆಯಾದ. ಕತ್ತಿನ ಚಿನ್ನದ ಸರವನ್ನು ನಾರಿಸನಿಗೆ ಕೊಟ್ಟ. ಅರಸನಿಗೆ ಏನು ಕಳಿಸೋದು? ಅರಸನ ಮನಸ್ಸಿಗೆ ತಕ್ಕದ್ದೇನೂ ಕೈಯಲ್ಲಿ ಉಳಿದಿರಲಿಲ್ಲ. ಆಗ ಪ್ಯಾಚ್‌ನನ್ನೇ ಕಾಣಿಕೆಯಾಗಿ ಕೊಟ್ಟ.

ಪ್ಯಾಚ್ ಒಪ್ಪಲಿಲ್ಲ ನೋಡಿ! ತಾಯಿಂದ ಬಿಡಿಸಿದ ಕರುವಿನ ಹಾಗೆ ರಂಪ ಮಾಡಿದ. ಎತ್ತರದ ಆರು ಆಳುಗಳನ್ನು ನಾರಿಸನ ಜೊತೆ ಕಳಿಸಬೇಕಾಯಿತು. ಅರಮನೆಯ ಊಟ, ಬಟ್ಟೆ, ಯಾವುದೂ ಅವನಿಗೆ ಬೇಕಿರಲಿಲ್ಲ. ಅಷ್ಟು ದೊಡ್ಡ ಬಳಗದಲ್ಲಿ ಎಷ್ಟೋ ಜನ ಕಾರ್ಡಿನಲ್‌ನ ಅನ್ನ ಉಂಡವರೇ. ಹೋಗಲಾರೆ ಅಂತ ಹೀಗೆ ಹಟ ಹಿಡಿದವನನ್ನು ನಾನು ಈ ಕಥೆಯಲ್ಲಿ ಬೇರೆ ಕಾಣೆ. ಅವನನ್ನು ಒಂದು ವಸ್ತುವಿನಂತೆ ಕೊಟ್ಟುಬಿಟ್ಟದ್ದು ನನಗೆ ಇವತ್ತಿಗೂ ನೋವು.

ಆಮೇಲೆ ವುಲ್ಸಿ ಸೇರಿದ್ದು ಈಶರ್‌ನ ಮನೆ. ಹಾಸಿಗೆಯಿಲ್ಲ, ಹೊದಿಕೆಯಿಲ್ಲ, ತಟ್ಟೆ ಲೋಟವೂ ಇಲ್ಲ. ನೆರೆಹೊರೆಯಿಂದ ತಂದು ಉಂಡರು. ಮರುವರ್ಷ ದೇಶದ್ರೋಹದ ಆಪಾದನೆ ಹೊರಿಸಿ ಹಿಡಿದರು. ಕರೆದೊಯ್ಯುವ ದಾರಿಯಲ್ಲಿ ಶೆಫೀಲ್ಡ್‌ನಲ್ಲಿ ಊಟದ ಕೊನೆಗೆ ಸುಟ್ಟ ಪೇರ್ ಹಣ್ಣು ತಿನ್ನುತ್ತಿದ್ದಾಗ ಮುಖದ ಬಣ್ಣವೇ ಬದಲಾದದ್ದನ್ನು ಕ್ಯಾವೆಂಡಿಶ್ ಕಂಡ. ಹೊಟ್ಟೆನೋವು ಬಿಡಲಿಲ್ಲ. ನವೆಂಬರ್ ಚಳಿಯಲ್ಲಿ ಲೆಸ್ಟರ್‌ನ ಮಠ ತಲುಪಿ, ಅಲ್ಲೇ ತೀರಿಕೊಂಡ.

ಕ್ಯಾವೆಂಡಿಶ್ ಅರಮನೆ ಸೇರಲಿಲ್ಲ, ಸಫೋಕ್‌ನ ತನ್ನ ಊರಿಗೆ ಹೋದ. ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, ಯಜಮಾನನ ಮೇಲೆ ಜನ ಕಟ್ಟಿದ ಸುಳ್ಳುಗಳನ್ನು ತಾಳಲಾರದೆ, ಲೇಖನಿ ಹಿಡಿದ. ಪ್ಯಾಚ್‌ನ ರಂಪವನ್ನೂ ಬಿಡದೆ ಬರೆದ.