ಬೆಟ್ಟ ಹತ್ತಿ ಬಂದ ಕಾಲುನೋವು

“ಬೆಳಗಿಂದ ರಾತ್ರಿವರೆಗೆ ಮನೇಲಿ ಗೇಯೋದು ಸಾಲದಾ? ರಜೆ ಅಂತ ಬಂದು ಇಲ್ಲೂ ಮೈ ಮುರ್ಕೋಬೇಕಾ?”

ಕೊಲ್ಲೂರಿನಲ್ಲಿ ನನ್ನ ಓರಗಿತ್ತಿ ಹೀಗೆ ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ನೀವಿದ್ದಿದ್ದರೆ ನೀವೂ ಅಕ್ಕನ ಪಕ್ಷವನ್ನೇ ವಹಿಸುತ್ತಿದ್ದಿರಿ, ಅಲ್ಲವೇ? ಅತ್ತೆ ಹಾಸಿಗೆ ಹಿಡಿದ ಆರು ವರ್ಷ ಅವರ ಎಲ್ಲ ಚಾಕರಿಯನ್ನೂ ಮಾಡಿದವರು ಅವರು.

ದಸರೆ ರಜೆ. ಮೂಕಾಂಬಿಕೆಯ ದರ್ಶನವಾದ ಮೇಲೆ ಮಕ್ಕಳು ಕೊಡಚಾದ್ರಿಗೆ ಹೋಗಲೇಬೇಕೆಂದು ಹಟ ಹಿಡಿದರು. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ಈ ಬೆಟ್ಟದ ಎತ್ತರ 1,343 ಮೀಟರ್. ಕೊಲ್ಲೂರಿನಿಂದ ಜೀಪು ಸಿಗುತ್ತದೆ. ಕೊನೆಯ ಕೆಲವು ಮೈಲಿ ರಸ್ತೆಯೆಂಬುದು ಹೆಸರಿಗೆ ಮಾತ್ರ. ಮೊರದಲ್ಲಿ ಕೇರಿದ ಅಕ್ಕಿಯ ಹಾಗೆ ಹಾರಿ ಹಾರಿ ಬೀಳುತ್ತೀರಿ. ಬೆಟ್ಟದ ಮೇಲಿನ ದೇವಸ್ಥಾನದ ಹತ್ತಿರ ಜೀಪು ನಿಲ್ಲುತ್ತದೆ. ಅಲ್ಲಿಂದ ಸರ್ವಜ್ಞ ಪೀಠಕ್ಕೆ, ಅಂದರೆ ಶಂಕರಾಚಾರ್ಯರು ತಪಸ್ಸು ಮಾಡಿದರೆಂದು ಹೇಳುವ ಪುಟ್ಟ ಕಲ್ಲುಮಂಟಪಕ್ಕೆ, ಕಾಲೇ ಗತಿ.

ಅಕ್ಕ ಜೀಪಿನಲ್ಲೇ ಕೂರುವುದೆಂದು ನಿರ್ಧಾರವಾಗಿತ್ತು. ನಾವು ಹತ್ತು ಹೆಜ್ಜೆ ಹೋಗಿದ್ದೆವೋ ಇಲ್ಲವೋ, “ಒಬ್ಬಳೇ ಕೂತು ಏನ್ಮಾಡ್ಲಿ, ನಡೀರಿ” ಎಂದು ಸೆರಗು ಸಿಕ್ಕಿಸಿ ಹೊರಟೇಬಿಟ್ಟರು.

ಮೊದಲ ಕಾಲು ಗಂಟೆಯಲ್ಲಿ ಮೂರು ಸಲ ಕುಳಿತರು. ಉಂಬಳ ಹತ್ತಿದಾಗ ಕಿರುಚಿದರು. (ಮಳೆಗಾಲ ಮುಗಿದ ಹೊಸದರಲ್ಲಿ ಮಲೆನಾಡಿಗೆ ಹೋದರೆ ಬಟ್ಟೆಯ ಚೂರಿನಲ್ಲಿ ಉಪ್ಪಿನ ಗಂಟು ಕಟ್ಟಿಕೊಂಡಿರಿ, ಒತ್ತಿದರೆ ಉದುರಿಬೀಳುತ್ತದೆ.) ಆಮೇಲೆ ಮಾತು ನಿಂತಿತು. ಹುಲ್ಲಿನ ಗುಡ್ಡ, ಕಡಿದಾದ ಕಾಲುದಾರಿ, ಮುಂದಿನ ಹೆಜ್ಜೆ ಎಲ್ಲಿಡುವುದು ಎಂಬುದೊಂದೇ ಯೋಚನೆ. ಗ್ಯಾಸ್ ಆರಿಸಿದೆನಾ, ಹಾಲಿನವನಿಗೆ ಹೇಳಿದೆನಾ ಎಂಬುದೆಲ್ಲ ತಲೆಯಿಂದ ತಾನಾಗಿಯೇ ಖಾಲಿ. ಹಾಸಿಗೆಯ ಮೇಲೆ ಮಲಗಿದರೆ ಇದು ಸಿಗುವುದಿಲ್ಲ ರೀ, ಮಲಗಿದಾಗಲೇ ಅಲ್ಲವೇ ನಮಗೆ ಎಲ್ಲ ನೆನಪಾಗುವುದು!

ಮೇಲೆ ಹೋದರೆ ಮಂಜು. ಕಡಲು ಕಾಣುತ್ತದೆ ಎಂದಿದ್ದರು, ಹತ್ತು ಮಾರು ದೂರ ಕಾಣಲಿಲ್ಲ. ಅಕ್ಕ ಮಂಟಪದ ಕಲ್ಲಿಗೆ ಒರಗಿ, ಮುಖವೆಲ್ಲ ಕೆಂಪಾಗಿ, ನಗುತ್ತಿದ್ದರು. “ಹತ್ತಿದ್ನಲ್ಲೇ!” ಎಂದರು.

ಆಗ ನನಗೆ ಉತ್ತರ ಹೊಳೆಯಿತು. ಮನೆಯ ದುಡಿಮೆಗೆ ತುದಿಯಿಲ್ಲ. ತೊಳೆದ ಪಾತ್ರೆ ಸಂಜೆಗೆ ಮತ್ತೆ ಬಚ್ಚಲಿಗೆ. ಹತ್ತಿದ ಬೆಟ್ಟವನ್ನು ಮಾತ್ರ ಯಾರೂ ಎಂಜಲು ಮಾಡಿ ತಂದಿಡುವುದಿಲ್ಲ. 1975ರಲ್ಲಿ ಎವರೆಸ್ಟ್ ಹತ್ತಿದ ಮೊದಲ ಮಹಿಳೆ, ಜಪಾನಿನ ಜುಂಕೊ ತಬೇ, ಮನೆಯಲ್ಲಿ ಪುಟ್ಟ ಮಗಳಿದ್ದ ತಾಯಿ. ಅಷ್ಟು ದೂರದ ಮಾತು ನಮಗೇಕೆ ಎನ್ನಬೇಡಿ. ಬೇಕಾಗಿ ಪಟ್ಟ ಕಷ್ಟದ ರುಚಿಯೇ ಬೇರೆ.

ಹೋಗುವುದಾದರೆ ತಿಂಗಳ ಮೊದಲಿಂದ ಮೆಟ್ಟಿಲು ಹತ್ತಿ ಇಳಿದು ಅಭ್ಯಾಸ ಮಾಡಿ. ಮಾತಾಡಲು ಉಸಿರು ಉಳಿಯುವಷ್ಟೇ ವೇಗ ಸಾಕು. ಕಾಲುಗುರು ಕತ್ತರಿಸಿರಿ, ಹೊಸ ಷೂ ಬೇಡ. ಏರುವಾಗ ಉಸಿರಿಗೆ ಕಷ್ಟ, ಇಳಿಯುವಾಗ ಮಂಡಿಗೆ. ಇಳಿಯುವಾಗ ತೊಡೆಯ ಸ್ನಾಯುಗಳು ಮೈಭಾರವನ್ನು ತಡೆಯುತ್ತಲೇ ಹಿಗ್ಗಬೇಕು. ಅದಕ್ಕೇ ನೋವು ಮಾರನೆಯ ದಿನ ಜೋರು. ಕೈಯಲ್ಲಿ ಕೋಲಿರಲಿ, ಚಿಕ್ಕ ಹೆಜ್ಜೆ ಇಡಿ.

ಮಾರನೆಯ ಬೆಳಿಗ್ಗೆ ಅಕ್ಕನಿಗೆ ಮಂಚದಿಂದ ಇಳಿಯಲಾಗಲಿಲ್ಲ. ಆ ಆರು ವರ್ಷ ಕಾಲುನೋವು ಎಂದಾಗ ನಾವ್ಯಾರೂ ತಲೆಯೆತ್ತಿ ನೋಡಿರಲಿಲ್ಲ, ನಾನೂ ಸೇರಿ. ಈಗ ಮಕ್ಕಳು ಸರದಿಯಲ್ಲಿ ಕಾಲೊತ್ತಿದರು. ಭಾವನವರು ಕೆಳಗಿನ ಹೋಟೆಲಿನಿಂದ ತಾವೇ ಕಾಫಿ ತಂದು ಕೈಗಿತ್ತರು. ಅಕ್ಕ ಗುಟುಕರಿಸಿ, “ಸಕ್ಕರೆ ಕಮ್ಮಿ ಆಯ್ತು, ಇನ್ನೊಂದು ತನ್ನಿ” ಎಂದರು.