ತಲೆಬುರುಡೆಯವನನ್ನು ಯಾವ ಮನೆಯಲ್ಲಿ ಕೂರಿಸೋಣ?

ಬೈಕಿನ ಟ್ಯಾಂಕಿನ ಮೇಲೆ, ಮೊಬೈಲ್ ಕವರಿನ ಮೇಲೆ, ಟೀ ಶರ್ಟಿನ ಎದೆಯ ಮೇಲೆ ಒಂದು ಬಿಳಿ ತಲೆಬುರುಡೆ ನೋಡಿರುತ್ತೀರಿ. ಕಪ್ಪು ಕಣ್ಣು, ಉದ್ದಕ್ಕೆ ಇಳಿಬಿದ್ದ ಹಲ್ಲು. ಹಾಕಿಸಿಕೊಂಡವರನ್ನು ಕೇಳಿದರೆ "ಸ್ಟೈಲ್ ಕಣಣ್ಣ" ಅಂತಾರೆ ಅಷ್ಟೇ. ಆದರೆ ಆ ಬುರುಡೆಗೆ ಒಬ್ಬ ವಾರಸುದಾರ ಇದ್ದಾನೆ. ಅವನ ಹೆಸರು ಪನಿಶರ್. ಶಿಕ್ಷೆ ಕೊಡುವವನು ಎಂದರ್ಥ.

ಪನಿಶರ್ ಅಮೆರಿಕದ ಮಾರ್ವೆಲ್ ಕಾಮಿಕ್ಸಿನ ಪಾತ್ರ. ನಿಜ ಹೆಸರು ಫ್ರಾಂಕ್ ಕ್ಯಾಸಲ್, ಮಾಜಿ ಸೈನಿಕ. ಹೆಂಡತಿ ಮಕ್ಕಳ ಜೊತೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗೆ ಹೋಗಿದ್ದಾಗ ಭೂಗತ ಗ್ಯಾಂಗಿನವರ ಗುಂಡಿಗೆ ಅವರೆಲ್ಲ ಸಾಯುತ್ತಾರೆ. ಅಲ್ಲಿಂದ ಅವನದು ಒಂದೇ ಕೆಲಸ. ಅವನಿಗೆ ಹಾರಲು ಬರುವುದಿಲ್ಲ, ಮಾಯಾಶಕ್ತಿಯೂ ಇಲ್ಲ. ಬಂದೂಕು ಇದೆ, ಸಿಟ್ಟು ಇದೆ. ಬ್ಯಾಟ್‌ಮನ್ ಕಳ್ಳನನ್ನು ಹಿಡಿದು ಪೊಲೀಸರಿಗೆ ಒಪ್ಪಿಸುತ್ತಾನೆ. ಇವನು ಒಪ್ಪಿಸುವುದಿಲ್ಲ, ಮುಗಿಸುತ್ತಾನೆ.

ಹಾಗಾದರೆ ಇವನು ಒಳ್ಳೆಯವನೋ ಕೆಟ್ಟವನೋ? ಪತ್ರಿಕೋದ್ಯಮ ಓದುವಾಗ ನಮ್ಮ ಹಾಸ್ಟೆಲ್ ರೂಮಿನಲ್ಲಿ ಈ ಒಂದು ಪ್ರಶ್ನೆಗೆ ಎಷ್ಟೋ ರಾತ್ರಿ ನಿದ್ದೆಗೆಟ್ಟಿದ್ದೇವೆ. ತೀರ್ಪು ಕೊಡಲು ನಾವು ಬಳಸುತ್ತಿದ್ದುದು ಒಂಬತ್ತು ಮನೆಯ ಒಂದು ಪಟ.

ಆ ಪಟ ಬಂದದ್ದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟದಿಂದ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕದಲ್ಲಿ ಇದನ್ನು ಹೊರತಂದರು. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಒಂದೊಂದು ಪಾತ್ರ ವಹಿಸುತ್ತಾರೆ, ಗೆಲುವು ಸೋಲನ್ನು ದಾಳ ಹೇಳುತ್ತದೆ. ವೇಷವಿಲ್ಲದ ಬಯಲಾಟ ಅನ್ನಿ. ಮಾತು ಮಾತ್ರ ಮೊದಲೇ ಬರೆದಿಟ್ಟಿರುವುದಿಲ್ಲ.

ಪ್ರತಿ ಪಾತ್ರಕ್ಕೂ ಒಂದು ಸ್ವಭಾವ ಗೊತ್ತು ಮಾಡಬೇಕು. ಅದಕ್ಕೆ ಅಲೈನ್‌ಮೆಂಟ್ ಅಂತಾರೆ. ಮೊದಲು ಮೂರೇ ಇದ್ದವು: ನಿಯಮದ ಕಡೆಯವನು, ನಡುವಿನವನು, ನಿಯಮ ಮುರಿಯುವವನು. 1978ರ ಆಟಗಾರರ ಕೈಪಿಡಿಯ ಹೊತ್ತಿಗೆ ಒಳ್ಳೆಯದು, ನಡು, ಕೆಟ್ಟದ್ದು ಎಂಬ ಇನ್ನೊಂದು ಸಾಲೂ ಸೇರಿತ್ತು. ಮೂರು ಮೂರಲಿ ಒಂಬತ್ತು. ಲಾಫುಲ್ ಗುಡ್ ಅಂದರೆ ನಿಯಮ ಮೀರದ ಒಳ್ಳೆಯವನು. ಕೇಯಾಟಿಕ್ ಗುಡ್ ಅಂದರೆ ಒಳ್ಳೆಯದಕ್ಕಾಗಿ ನಿಯಮ ಮುರಿಯುವವನು. ಲಾಫುಲ್ ಈವಿಲ್ ಅಂದರೆ ಕ್ರಮಬದ್ಧವಾಗಿ ಕೆಟ್ಟದ್ದು ಮಾಡುವವನು. ಹೀಗೆ.

ಪನಿಶರ್‌ಗೆ ಯಾವ ಮನೆ? ಒಬ್ಬ ಗೆಳೆಯ, "ಲಾಫುಲ್. ಅವನಿಗೆ ಅವನದೇ ಕಟ್ಟುಪಾಡಿದೆ, ನಿರಪರಾಧಿಯನ್ನು ಮುಟ್ಟಲ್ಲ" ಎನ್ನುತ್ತಿದ್ದ. ಇನ್ನೊಬ್ಬ, "ಕೋರ್ಟನ್ನೇ ಲೆಕ್ಕಕ್ಕೆ ಇಡದವನು ಎಲ್ಲಿಯ ಲಾಫುಲ್? ಕೇಯಾಟಿಕ್ ಗುಡ್" ಎನ್ನುತ್ತಿದ್ದ. ಮೂರನೆಯವನು, "ಇಷ್ಟು ಹೆಣ ಬಿದ್ದ ಮೇಲೆ ಗುಡ್ ಅನ್ನೋದೇ ತಪ್ಪು" ಅಂತ ಎದ್ದು ಹೋಗುತ್ತಿದ್ದ.

2016ರಲ್ಲಿ ಬಂದ ಡೇರ್‌ಡೆವಿಲ್ ಸರಣಿಯ ಎರಡನೇ ಭಾಗದಲ್ಲಿ ಇದೇ ವಾದ ಒಂದು ಕಟ್ಟಡದ ಮಾಳಿಗೆಯ ಮೇಲೆ ನಡೆಯುತ್ತದೆ. ಡೇರ್‌ಡೆವಿಲ್ ಹಗಲು ಕಣ್ಣು ಕಾಣದ ವಕೀಲ, ರಾತ್ರಿ ಮುಸುಕು ಹಾಕಿದ ಕಾವಲುಗಾರ. ಕೊಲ್ಲುವುದಿಲ್ಲ. ಪನಿಶರ್ ಅವನನ್ನು ಸರಪಳಿಯಲ್ಲಿ ಕಟ್ಟಿಹಾಕಿ ವಾದಕ್ಕೆ ಕೂರುತ್ತಾನೆ. ನೀನು ಹೊಡೆದವರು ಮತ್ತೆ ಎದ್ದು ಬರುತ್ತಾರೆ, ನಾನು ಹೊಡೆದವರು ಏಳುವುದಿಲ್ಲ ಎಂಬುದು ಅವನ ತರ್ಕ. ಮನುಷ್ಯ ತಿದ್ದಿಕೊಳ್ಳಬಹುದು, ಅದನ್ನು ಕಿತ್ತುಕೊಳ್ಳುವ ಹಕ್ಕು ನಿನಗಿಲ್ಲ ಎಂಬುದು ಡೇರ್‌ಡೆವಿಲ್ ಉತ್ತರ. ನೋಡುವಾಗ ರೂಮಿನಲ್ಲಿ ಹೆಚ್ಚಿನವರು ಪನಿಶರ್ ಕಡೆ. ಅಚ್ಚರಿಯೇನಿಲ್ಲ. ಅಜ್ಜ ಹಾಕಿದ ಜಮೀನಿನ ಕೇಸಿಗೆ ಮೊಮ್ಮಗ ಓಡಾಡುವುದನ್ನು ನೋಡಿ ಬೆಳೆದ ನಮಗೆ ಅವತ್ತೇ ಸಿಗುವ ತೀರ್ಪು ಸಿಹಿಯಾಗಿಯೇ ಕೇಳುತ್ತದೆ.

ನನಗೆ ತಕರಾರು ಇರುವುದು ಪಟದ ಬಗ್ಗೆಯೇ. ಒಂಬತ್ತು ಮನೆಗಳೂ ಬಂದೂಕು ಹಿಡಿದವನ ಮನಸ್ಸನ್ನು ಅಳೆಯುತ್ತವೆ. ಬಂದೂಕಿನ ಮುಂದೆ ನಿಂತವನು ಯಾರು, ಅವನೇ ತಪ್ಪು ಮಾಡಿದ್ದು ಅಂತ ಯಾರು ನೋಡಿದರು ಎಂದು ಕೇಳುವ ಮನೆ ಅದರಲ್ಲಿಲ್ಲ.

ಪನಿಶರ್‌ನ ಮೊಟ್ಟಮೊದಲ ಕಥೆಯನ್ನೇ ನೋಡಿ. ಅದೂ 1974ರದ್ದೇ, ಅಮೇಜಿಂಗ್ ಸ್ಪೈಡರ್‌ಮ್ಯಾನ್ 129ನೇ ಸಂಚಿಕೆ, ಬರೆದವರು ಗೆರಿ ಕಾನ್ವೇ. ಅದರಲ್ಲಿ ಅವನು ಕೊಲ್ಲಲು ಹೊರಟಿದ್ದು ಯಾರನ್ನು ಗೊತ್ತೇ? ಸ್ಪೈಡರ್‌ಮ್ಯಾನ್‌ನನ್ನು! ನಾರ್ಮನ್ ಆಸ್ಬರ್ನ್ ಎಂಬವನನ್ನು ಕೊಂದ ಆರೋಪ ಸ್ಪೈಡರ್‌ಮ್ಯಾನ್ ಮೇಲಿತ್ತು. ನಿಜಕ್ಕೂ ಆಸ್ಬರ್ನ್ ಸತ್ತದ್ದು ತನ್ನದೇ ಹಾರುವ ಯಂತ್ರ ಎದೆಗೆ ಬಡಿದು. ಓದುಗರಿಗೆ ಅದು ಗೊತ್ತಿತ್ತು. ಪನಿಶರ್‌ಗೆ ಗೊತ್ತಿರಲಿಲ್ಲ. ಜಾಕಲ್ ಎಂಬ ಖಳನ ಮಾತು ನಂಬಿ, ಪಾಪಿಯನ್ನು ಶಿಕ್ಷಿಸುತ್ತಿದ್ದೇನೆ ಎಂಬ ಪೂರ್ತಿ ಖಾತ್ರಿಯಲ್ಲೇ ಅವನು ಬಂದೂಕು ಎತ್ತಿದ್ದ. ಸ್ಪೈಡರ್‌ಮ್ಯಾನ್‌ಗೆ ಜೇಡನ ಚುರುಕಿತ್ತು, ಉಳಿದ. ಬರೀ ಮನುಷ್ಯನಾಗಿದ್ದರೆ?

ಡಂಜನ್ಸ್ ಆಟದಲ್ಲಿ ಇದಕ್ಕೊಂದು ಉಪಾಯವಿತ್ತು. ಹಳೆಯ ಕೈಪಿಡಿಯಲ್ಲಿ ಪ್ಯಾಲಡಿನ್ ಎಂಬ ಧರ್ಮವೀರನಿಗೆ ಒಂದು ಶಕ್ತಿ ಕೊಟ್ಟಿದ್ದರು. ಮನಸ್ಸಿಟ್ಟು ನಿಂತರೆ 60 ಅಡಿಯೊಳಗೆ ಕೇಡು ಇದೆಯೋ ಇಲ್ಲವೋ ಅವನಿಗೆ ತಿಳಿಯುತ್ತಿತ್ತು. ಆ ಲೋಕದಲ್ಲಿ ಕೆಟ್ಟತನ ಎಂದರೆ ಹೊಗೆಯ ವಾಸನೆಯ ಹಾಗೆ, ಮೂಗಿಗೆ ಬಡಿಯುವ ವಸ್ತು. 2014ರ ಆವೃತ್ತಿಯಲ್ಲಿ ಆಟದವರೇ ಅದನ್ನು ಬದಲಿಸಿದರು. ಈಗ ಆ ಶಕ್ತಿಗೆ ದೆವ್ವ, ದೇವದೂತ ಇಂಥವು ಹತ್ತಿರವಿದ್ದರೆ ತಿಳಿಯುತ್ತದೆ. ಸಾಮಾನ್ಯ ಮನುಷ್ಯ ಒಳ್ಳೆಯವನೋ ಕೆಟ್ಟವನೋ ತಿಳಿಯುವುದಿಲ್ಲ. ಆಟದಲ್ಲೇ ಬಿಟ್ಟುಕೊಟ್ಟ ಶಕ್ತಿ ನಮಗೆಲ್ಲಿಂದ ಬರಬೇಕು?

ಎರಡು ಬೇಸಿಗೆಯ ಹಿಂದೆ ನಮ್ಮೂರ ಸುತ್ತ ಪಂಪ್‌ಸೆಟ್ಟಿನ ಕೇಬಲ್ ಕಳುವಾಗುತ್ತಿತ್ತು. ವಾರಕ್ಕೊಂದು ಹೊಲ. ಒಂದು ಸಂಜೆ ಕೆರೆ ಏರಿಯ ಮೇಲೆ ಚೀಲ ಹಿಡಿದು ಹೊರಟಿದ್ದ ಪರಊರಿನವನನ್ನು ಹುಡುಗರು ತಡೆದರು. ಚೀಲದಲ್ಲಿ ತಾಮ್ರದ ತಂತಿ ಇತ್ತು. ಅಷ್ಟು ಸಾಕಾಯಿತು. ಲೈಟ್ ಕಂಬಕ್ಕೆ ಕಟ್ಟಿದರು, ಹೊಡೆದರು, ವಿಡಿಯೊ ಮಾಡಿದರು. ಅವನು ಮೋಟಾರ್ ವೈಂಡಿಂಗ್ ಮಾಡುವವನು. ಪಕ್ಕದ ಹಳ್ಳಿಯಲ್ಲಿ ಸುಟ್ಟ ಮೋಟಾರು ಸರಿಮಾಡಿ ಬಸ್ಸಿಗೆ ಹೋಗುತ್ತಿದ್ದ. ಮೋಟಾರಿನ ಮಾಲೀಕನ ನಂಬರ್ ಹೇಳುತ್ತಲೇ ಇದ್ದನಂತೆ. ಅರ್ಧ ಗಂಟೆ ಯಾರೂ ಫೋನ್ ಹಚ್ಚಲಿಲ್ಲ. ಕೊನೆಗೆ ಹಾಲಿನ ಡೈರಿಯಿಂದ ಬರುತ್ತಿದ್ದ ಒಬ್ಬ ಹೆಂಗಸು "ಮೊದಲು ಆ ನಂಬರಿಗೆ ಹಚ್ರೋ" ಅಂತ ಗದರಿದ ಮೇಲೆ ಹಚ್ಚಿದರು. ನಾನು ಹೋಗುವಷ್ಟರಲ್ಲಿ ಬಿಚ್ಚಿದ್ದರು. ಮಣಿಕಟ್ಟಿನ ಮೇಲೆ ಹಗ್ಗದ ಗುರುತು ಹಾಗೇ ಇತ್ತು.

ಕಟ್ಟಿದ ಹುಡುಗರು ಕೆಟ್ಟವರಲ್ಲ. ಅವರದೂ ಕೇಬಲ್ ಹೋಗಿತ್ತು, ಬೆಳೆ ಒಣಗುತ್ತಿತ್ತು. ಪಟದಲ್ಲಿ ಕೂರಿಸಿದರೆ ಅವರೆಲ್ಲ ಕೇಯಾಟಿಕ್ ಗುಡ್ ಮನೆಯವರೇ. ಆ ಮನೆಯ ಹೆಸರಿನಿಂದ ಕಂಬಕ್ಕೆ ಕಟ್ಟಿಸಿಕೊಂಡವನಿಗೆ ಏನೂ ಆಗಲಿಲ್ಲ.

ಪನಿಶರ್‌ನನ್ನು ಹುಟ್ಟಿಸಿದ ಕಾನ್ವೇಗೂ ಈ ಕಸಿವಿಸಿ ಇತ್ತು. ಅಮೆರಿಕದಲ್ಲಿ ಕೆಲವು ಪೊಲೀಸರೇ ಆ ಬುರುಡೆಯನ್ನು ತಮ್ಮ ಗುರುತಾಗಿ ಹಾಕಿಕೊಳ್ಳತೊಡಗಿದಾಗ ಅವರು ಬಹಿರಂಗವಾಗಿ ಆಕ್ಷೇಪಿಸಿದರು. 2019ರ ಒಂದು ಸಂಚಿಕೆಯಲ್ಲಂತೂ ಪೊಲೀಸರ ಕಾರಿನ ಮೇಲಿದ್ದ ತನ್ನ ಬುರುಡೆಯ ಸ್ಟಿಕರನ್ನು ಪನಿಶರ್ ತಾನೇ ಹರಿದು ಹಾಕುತ್ತಾನೆ. ಮಾದರಿ ಬೇಕಿದ್ದರೆ ಕ್ಯಾಪ್ಟನ್ ಅಮೆರಿಕಾನನ್ನು ನೋಡಿ, ನನ್ನನ್ನಲ್ಲ ಎಂಬ ಅರ್ಥದಲ್ಲಿ ಬೈಯುತ್ತಾನೆ.

ವರದಿಗಾರಿಕೆಯ ಪಾಠದಲ್ಲಿ ನಮಗೆ ಮೊದಲು ಕಲಿಸಿದ ಪದ "ಆರೋಪಿ". ಕೋರ್ಟು ಹೇಳುವ ತನಕ ಯಾರನ್ನೂ ಕಳ್ಳ, ಕೊಲೆಗಾರ ಅಂತ ಬರೆಯುವ ಹಾಗಿಲ್ಲ. ಕಾಮಿಕ್ಸಿನಲ್ಲಿ ಈ ಪದ ಬೇಕಾಗುವುದು ಕಡಿಮೆ, ಯಾಕೆಂದರೆ ಕೊಲೆ ಮಾಡಿದವನನ್ನು ಹಿಂದಿನ ಪುಟದಲ್ಲೇ ತೋರಿಸಿರುತ್ತಾರೆ. ನಮ್ಮ ಕೆರೆ ಏರಿಗೆ ಹಿಂದಿನ ಪುಟ ಇರುವುದಿಲ್ಲ.

ಪನಿಶರ್‌ಗೆ ನಾನು ಕೊಡುವ ಮನೆ ಕೇಳಿದರೆ ಕೇಯಾಟಿಕ್ ಈವಿಲ್ ಅಲ್ಲ, ಅಷ್ಟು ಕಟುಕ ಅವನಲ್ಲ. ಗುಡ್ ಅಂತೂ ಅಲ್ಲ. ನಡುವೆ ಎಲ್ಲಾದರೂ ಕೂರಲಿ. ಅವನ ಕಥೆ ನೋಡಿ, ಇಷ್ಟವಾದರೆ ಮತ್ತೆ ನೋಡಿ, ಬುರುಡೆ ಬೇಕಿದ್ದರೆ ಬೈಕಿಗೂ ಅಂಟಿಸಿ. ಯಾರನ್ನಾದರೂ ಕಂಬದ ಹತ್ತಿರ ಎಳೆದು ತಂದಾಗ ಮಾತ್ರ, ಅವನು ಹೇಳುವ ನಂಬರಿಗೆ ಮೊದಲು ಫೋನ್ ಹಚ್ಚಿ.